‘ಈ ಪಿಸಿಗೆ ಆಗಲ್ಲ’ ಅಂತ ಬಂತಾ? ಹೊಸದು ಕೊಳ್ಳುವ ಮುಂಚೆ ಇಷ್ಟು ನೋಡಿ

ಮಂಡ್ಯದಲ್ಲಿ ನನಗೆ ಗೊತ್ತಿರುವ ಒಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ಪ್ರಿಂಟು, ಅರ್ಜಿ ಟೈಪಿಂಗು, ಮಾರ್ಕ್ಸ್ ಕಾರ್ಡ್ ಸ್ಕ್ಯಾನು ಅಂತ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಆ ಕಂಪ್ಯೂಟರಿಗೆ ಬಿಡುವೇ ಇಲ್ಲ. ಒಂದು ದಿನ ಅಂಗಡಿಯವರು ಫೋನ್ ಮಾಡಿದರು. “ಅಣ್ಣಾ, ಹೊಸ ವಿಂಡೋಸ್‌ಗೆ ಈ ಕಂಪ್ಯೂಟರು ಆಗಲ್ಲ ಅಂತ ಬರ್ತಾ ಐತೆ. ಹೊಸದು ತಗೊಂಡ್ಬಿಡ್ಲಾ?”

“ತಡೀರಿ, ನಾನು ಬರೋವರೆಗೂ ಏನೂ ತಗೋಬೇಡಿ” ಅಂದೆ. ಹೋಗಿ ನೋಡಿದರೆ ಮಷೀನು ಗಟ್ಟಿಯಾಗೇ ಇತ್ತು. ಇದ್ದದ್ದು ಎರಡೇ ತೊಂದರೆ. ಸಿ ಡ್ರೈವ್‌ನಲ್ಲಿ 3 ಜಿಬಿ ಮಾತ್ರ ಖಾಲಿ ಉಳಿದಿತ್ತು, ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಮಷೀನಿನ ಮೂಲ ಸೆಟ್ಟಿಂಗುಗಳಿರುವ ಜಾಗ) ಒಂದು ಆಯ್ಕೆ ಆಫ್ ಆಗಿತ್ತು. ಎರಡನ್ನೂ ಸರಿ ಮಾಡಿದ ಮೇಲೆ ಅದೇ ಮಷೀನು ಇವತ್ತಿಗೂ ಅಲ್ಲೇ ಕೆಲಸ ಮಾಡುತ್ತಿದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ಅಲ್ಲಿಂದೀಚೆಗೆ ಇಂಥ ಫೋನ್ ಜಾಸ್ತಿ ಬರುತ್ತಿವೆ. ಮಷೀನು ತೋರಿಸುವ ಲಕ್ಷಣ ಯಾವುದು ಅಂತ ಸರಿಯಾಗಿ ಓದಿಕೊಂಡರೆ ಎಷ್ಟೋ ಸಲ ದುಡ್ಡೇ ಖರ್ಚಾಗುವುದಿಲ್ಲ. ನಿಮ್ಮ ಪರದೆ ಮೇಲೆ ಏನು ಬರುತ್ತಿದೆಯೋ ಆ ಭಾಗಕ್ಕೆ ನೇರವಾಗಿ ಹೋಗಿ. ಆದರೆ ಅದಕ್ಕೆ ಮುಂಚೆ ಈ ಮುಂದಿನದನ್ನು ಮಾತ್ರ ಎಲ್ಲರೂ ಓದಿ.

ಎಲ್ಲಕ್ಕೂ ಮೊದಲು: ಕಾಪಿ

“ಎಲ್ಲಾ ಡಿ ಡ್ರೈವ್‌ಗೆ ಹಾಕಿದೀನಿ, ಸೇಫಾಗಿದೆ” ಅನ್ನೋ ಮಾತು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಸಿ, ಡಿ, ಇ ಮೂರೂ ಬೇರೆ ಬೇರೆ ಡಿಸ್ಕ್ ಅಲ್ಲ. ಹೆಚ್ಚಿನ ಮನೆ ಕಂಪ್ಯೂಟರುಗಳಲ್ಲಿ ಅವು ಒಂದೇ ಡಿಸ್ಕಿನ ಮೂರು ಭಾಗ, ಒಂದೇ ಹೊಲಕ್ಕೆ ಬದು ಹಾಕಿದ ಹಾಗೆ. ಡಿಸ್ಕ್ ಕೆಟ್ಟರೆ ಮೂರೂ ಹೋಗುತ್ತವೆ. ಫೋಟೋ, ಲೆಕ್ಕ, ಮಕ್ಕಳ ಪ್ರಾಜೆಕ್ಟು ಎಲ್ಲವನ್ನೂ ಮಷೀನಿನ ಹೊರಗಿನ ಹಾರ್ಡ್ ಡಿಸ್ಕಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ, ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲು ತೆರೆದು ನೋಡಿ. ತೆರೆದರೆ ಮಾತ್ರ ಕಾಪಿ ಆಗಿದೆ ಎಂದು ಅರ್ಥ.

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಉಬ್ಬಿದೆಯಾ, ತಳಭಾಗ ಮೇಜಿನ ಮೇಲೆ ಸಮನಾಗಿ ಕೂರುತ್ತಿಲ್ಲವಾ? ಹಾಗಿದ್ದರೆ ಒಳಗಿನ ಬ್ಯಾಟರಿ ಊದಿದೆ. ಚಾರ್ಜರ್ ತೆಗೆದು, ಆಫ್ ಮಾಡಿ ರಿಪೇರಿಯವರಿಗೆ ಕೊಡಿ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಅಪ್‌ಗ್ರೇಡ್ ಮಾತು ಆಮೇಲೆ.

“ಜಾಗ ಸಾಲದು” ಅಂತ ಬರುತ್ತಿದೆ, ಅಥವಾ ಕೋಡಿನ ಕೊನೆಯಲ್ಲಿ 80070070 ಇದೆ

ಇದು ಎಲ್ಲಕ್ಕಿಂತ ಸುಲಭದ್ದು. ಈ ಕೋಡಿಗೆ ಒಂದೇ ಅರ್ಥ, ಡಿಸ್ಕಿನಲ್ಲಿ ಜಾಗವಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಡಿಸ್ಕ್ ಬೇಕು ಅಂತ ನಿಯಮ. ಆದರೆ ಅಪ್‌ಗ್ರೇಡ್ ನಡೆಯುವಾಗ ಹಳೆಯ ವಿಂಡೋಸ್ ಕೂಡ ಪಕ್ಕದಲ್ಲೇ ಇರುತ್ತೆ, ಹೊಸದರ ಫೈಲುಗಳೂ ಬಂದು ಕೂರುತ್ತವೆ. ಹಾಗಾಗಿ ಸಿ ಡ್ರೈವ್‌ನಲ್ಲಿ 30 ಜಿಬಿ ಖಾಲಿ ಇಲ್ಲದೆ ನಾನು ಶುರು ಮಾಡುವುದಿಲ್ಲ.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳಿ. 500 ಜಿಬಿ ಅಂತ ಕೊಂಡ ಡಿಸ್ಕ್ 465 ಅಂತ, 256ರದ್ದು 238 ಅಂತ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್ ತೆರೆಯಿರಿ. ಹಳೆಯ ಅಪ್‌ಡೇಟಿನ ಕಸ, ರೀಸೈಕಲ್ ಬಿನ್ ಎಲ್ಲ ಪಟ್ಟಿಯಲ್ಲಿ ಬರುತ್ತೆ. ಆ ಪಟ್ಟಿಯಲ್ಲೇ ಡೌನ್‌ಲೋಡ್ಸ್ ಅಂತಲೂ ಒಂದು ಸಾಲು ಇರುತ್ತದೆ, ಅದಕ್ಕೆ ಟಿಕ್ ಹಾಕಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ನಾನು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಾಗ ಅವರು ಗಾಬರಿಯಾದರು, ಯಾಕೆಂದರೆ ಅವರ ಇಡೀ ವ್ಯವಹಾರ ಇದ್ದದ್ದು ಅಲ್ಲೇ: ಪಹಣಿ, ಆಧಾರ್, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಮದುವೆ ಪತ್ರಿಕೆ, ಸಾವಿರಾರು ಫೈಲು ಒಂದೇ ಫೋಲ್ಡರಿನಲ್ಲಿ. ಬೇಕಾದ್ದನ್ನು ಆರಿಸಿ ಹೊರಗಿನ ಡಿಸ್ಕಿಗೆ ಹಾಕಿ, ಉಳಿದದ್ದನ್ನು ಅಳಿಸಿದೆವು. ಅಲ್ಲೇ 19 ಜಿಬಿ ಸಿಕ್ಕಿತು.

ಇನ್ನೂ ಸಾಲದಿದ್ದರೆ ಹೈಬರ್ನೇಟ್ (ತೆರೆದಿಟ್ಟ ಕೆಲಸವನ್ನು ಡಿಸ್ಕಿಗೆ ಉಳಿಸಿ ಮಷೀನು ಮಲಗುವ ಸೌಲಭ್ಯ) ಆಫ್ ಮಾಡಬಹುದು. ಅದು ರ್‍ಯಾಮಿನ ಸುಮಾರು 40% ಅಳತೆಯ ಫೈಲನ್ನು ಸಿ ಡ್ರೈವ್‌ನಲ್ಲಿ ಇಟ್ಟುಕೊಂಡಿರುತ್ತದೆ, 8 ಜಿಬಿ ರ್‍ಯಾಮ್ ಇದ್ದರೆ 3 ಜಿಬಿ ಚಿಲ್ಲರೆ.

ಸಿ ತುಂಬಿದೆ, ಡಿ ಖಾಲಿ ಬಿದ್ದಿದೆ

ನಮ್ಮ ಕಡೆ ಅಸೆಂಬಲ್ ಮಾಡಿಸಿದ ಮಷೀನುಗಳಲ್ಲಿ ಇದು ಸಾಮಾನ್ಯ. ಆವತ್ತು ಜೋಡಿಸಿದವರು ಸಿಗೆ 50 ಜಿಬಿ ಕೊಟ್ಟು ಮಿಕ್ಕದ್ದನ್ನೆಲ್ಲ ಡಿ, ಇ ಅಂತ ಹಂಚಿಟ್ಟಿರುತ್ತಾರೆ. ಡಿಯಲ್ಲಿ 300 ಜಿಬಿ ಖಾಲಿ ಇದ್ದರೂ ಸಿಗೆ ಉಸಿರಾಡಲು ಜಾಗವಿಲ್ಲ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ಡಿಸ್ಕಿನ ಚಿತ್ರ ಬರುತ್ತೆ. ಸಿ ದೊಡ್ಡದಾಗಬೇಕಾದರೆ ಅದರ ಬಲಕ್ಕೆ, ಅಂಟಿಕೊಂಡೇ, ಕಪ್ಪು ಪಟ್ಟಿಯ ಖಾಲಿ ಜಾಗ ಇರಬೇಕು. ಮಧ್ಯೆ ರಿಕವರಿ ಅನ್ನೋ ಸಣ್ಣ ಭಾಗ ಕೂತಿದ್ದರೆ ಎಕ್ಸ್‌ಟೆಂಡ್ ಆಯ್ಕೆ ಮಂಕಾಗಿರುತ್ತದೆ, ಒತ್ತಲು ಬರುವುದಿಲ್ಲ. ಡಿಯನ್ನು ಶ್ರಿಂಕ್ ಮಾಡಿದರೂ ಪ್ರಯೋಜನವಿಲ್ಲ, ಜಾಗ ಡಿಯ ಬಲಕ್ಕೆ ಬಿಡುಗಡೆ ಆಗುತ್ತದೆಯೇ ಹೊರತು ಸಿಯ ಪಕ್ಕಕ್ಕೆ ಬರುವುದಿಲ್ಲ. ಮಧ್ಯೆ ರಿಕವರಿ ಭಾಗ ಇಲ್ಲದಿದ್ದರೆ ಡಿಯಲ್ಲಿರುವುದನ್ನೆಲ್ಲ ಹೊರಗೆ ಸಾಗಿಸಿ, ಡಿಯನ್ನು ಅಳಿಸಿ, ಆಮೇಲೆ ಸಿಯನ್ನು ಹಿಗ್ಗಿಸಬೇಕು. ಅಳಿಸಿದ ಜಾಗ ಕಪ್ಪಾಗುವ ಬದಲು ತಿಳಿ ಹಸಿರಾಗಿ ಕಂಡರೆ ಅದು ಎಕ್ಸ್‌ಟೆಂಡೆಡ್ ಭಾಗದೊಳಗಿದೆ (ಒಳಗೆ ಬೇರೆ ಡ್ರೈವ್‌ಗಳನ್ನು ಇಟ್ಟುಕೊಳ್ಳುವ ದೊಡ್ಡ ಭಾಗ) ಅಂತ. ಅದರಲ್ಲೇ ಇ ಕೂಡ ಇದ್ದರೆ ಇಯನ್ನೂ ಖಾಲಿ ಮಾಡದೆ ದಾರಿ ಇಲ್ಲ.

ಈ ಹೊತ್ತಿನಲ್ಲಿ ಡೈನಾಮಿಕ್ ಡಿಸ್ಕ್ ಆಗಿ ಬದಲಾಯಿಸಲಾ ಅಂತ ಒಂದು ಪೆಟ್ಟಿಗೆ ಬರಬಹುದು. ನೋ ಒತ್ತಿ. ಯೆಸ್ ಒತ್ತಿದರೆ ಮುಂದೆ ಬಿಡಿಸಿಕೊಳ್ಳುವುದು ಕಷ್ಟ. ಇಲ್ಲಿಂದ ಮುಂದೆ ನಿಮಗೆ ಧೈರ್ಯ ಸಾಲದಿದ್ದರೆ ನಿಲ್ಲಿಸಿ, ಬಲ್ಲವರನ್ನು ಕೂರಿಸಿಕೊಂಡು ಮಾಡಿ. ತಪ್ಪು ಭಾಗ ಅಳಿಸಿದರೆ ವಾಪಸ್ ತರುವುದಕ್ಕೆ ಹೊಸ ಡಿಸ್ಕಿಗಿಂತ ಜಾಸ್ತಿ ಖರ್ಚಾಗುತ್ತೆ.

ಒಟ್ಟು ಡಿಸ್ಕೇ 29 ಜಿಬಿ ಅಂತ ತೋರಿಸುವ ಪುಟ್ಟ ಲ್ಯಾಪ್‌ಟಾಪುಗಳೂ ಇವೆ. ಬೋರ್ಡಿಗೇ ಬೆಸೆದ 32 ಜಿಬಿ ಚಿಪ್ ಅದು, ಬದಲಾಯಿಸಲು ಬರುವುದಿಲ್ಲ. ಅದರಲ್ಲಿ ವಿಂಡೋಸ್ 11ರ ಆಸೆ ಬಿಡಿ.

ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ

ಹಳ್ಳಿ ಕಡೆ ಹೆಚ್ಚಿನವರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಇಳಿಸುತ್ತಾರೆ. ವಿಂಡೋಸ್ 11ರ ಫೈಲು 5 ಜಿಬಿಗಿಂತ ದೊಡ್ಡದು, ದಿನಕ್ಕೆ ಒಂದೂವರೆ ಎರಡು ಜಿಬಿ ಪ್ಯಾಕಿನಲ್ಲಿ ಅದು ಹೇಗೆ ಮುಗಿಯುತ್ತೆ ಹೇಳಿ? ಹಾಟ್‌ಸ್ಪಾಟಿಗೆ ಮೀಟರ್ಡ್ (ಡೇಟಾಗೆ ಮಿತಿ ಇರುವ ಸಂಪರ್ಕ) ಅಂತ ಗುರುತು ಬಿದ್ದಿದ್ದರೆ ಅಪ್‌ಡೇಟ್ ತಾನಾಗೇ ತಡೆದುಕೊಳ್ಳುತ್ತದೆ. ಫೈಬರ್ ಇರುವ ಸ್ನೇಹಿತರ ಮನೆಯಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬನ್ನಿ. ಆ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ, ನೆನಪಿರಲಿ. ಯಾರೋ ಕೊಟ್ಟ ಕ್ರ್ಯಾಕ್ ಮಾಡಿದ ಕಾಪಿ ಬೇಡವೇ ಬೇಡ. ಬ್ಯಾಂಕ್ ಕೆಲಸವನ್ನೂ ಅದೇ ಮಷೀನಿನಲ್ಲಿ ಮಾಡುತ್ತೀರಲ್ವಾ?

“ಈ ಪಿಸಿ ವಿಂಡೋಸ್ 11ರ ಅಗತ್ಯಗಳನ್ನು ಪೂರೈಸುವುದಿಲ್ಲ”

ಜನ ಹೆದರುವುದು ಈ ಸಾಲಿಗೇ. ಯಾವ ಅಗತ್ಯ ಅಂತ ಮೊದಲು ತಿಳಿದುಕೊಳ್ಳಿ. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಹಾಕಿಕೊಂಡರೆ ಒಂದೊಂದಕ್ಕೂ ಹಸಿರು ಟಿಕ್ಕೋ ಕೆಂಪು ಗುರುತೋ ತೋರಿಸುತ್ತದೆ. ಬೇಕಾಗಿರುವುದು 64 ಬಿಟ್‌ನ ಎರಡು ಕೋರಿನ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ (ಹೊಸ ಬಗೆಯ ಬಯೋಸ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ) ಸೌಲಭ್ಯ, ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಸುರಕ್ಷತಾ ವ್ಯವಸ್ಥೆ). ರ್‍ಯಾಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದರೆ 4 ಜಿಬಿ ಕಾಗದದ ಮೇಲೆ ಸಾಕು, ದಿನವಿಡೀ ಬ್ರೌಸರ್ ತೆರೆದಿಡುವವರಿಗೆ 8 ಬೇಕು.

ಟಿಪಿಎಂ ಕೆಂಪಿದ್ದರೆ ಖುಷಿಪಡಿ, ಏಕೆಂದರೆ ಅದು ಬಹಳ ಸಲ ಇದ್ದೂ ಆಫ್ ಆಗಿರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಟಿಪಿಎಂ ಡಾಟ್ ಎಂಎಸ್‌ಸಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಸ್ಪೆಸಿಫಿಕೇಶನ್ ವರ್ಷನ್ 2.0 ಅಂತ ಬಂದರೆ ಸರಿ. ಸಿಗಲಿಲ್ಲ ಅಂತ ಬಂದರೆ ಬಯೋಸ್ ಒಳಗೆ ಹೋಗಿ ನೋಡಬೇಕು. ಇಂಟೆಲ್ ಮಷೀನಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಟಿಪಿಎಂ ಅಂತ ಹುಡುಕಿದರೆ ಸಿಗದೆ ಎಷ್ಟೋ ಜನ ವಾಪಸ್ ಬಂದುಬಿಡುತ್ತಾರೆ.

ಬಯೋಸ್ ಮುಟ್ಟುವ ಮುಂಚೆ ಮಾತ್ರ ಬಿಟ್‌ಲಾಕರ್ (ಇಡೀ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ಮೈಸೂರಿನಲ್ಲಿ ನಮ್ಮಕ್ಕನ ಮಗನ ಲ್ಯಾಪ್‌ಟಾಪಿಗೆ ಇದನ್ನು ನೋಡದೆ ಬಯೋಸ್ ಬದಲಾಯಿಸಿದೆ. ಮರುಕ್ಷಣ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೊಡಿ ಅಂತ. ಅವನ ಮುಖ ನೋಡಲಾಗಲಿಲ್ಲ, ಮೂರು ವರ್ಷದ ನೋಟ್ಸ್ ಅದರಲ್ಲಿತ್ತು. ಅವನ ಹೆಸರಿನ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿದರೆ ಇಲ್ಲ, ಅಕ್ಕನದರಲ್ಲಿ ಇಲ್ಲ. ಕೊನೆಗೆ ಲ್ಯಾಪ್‌ಟಾಪ್ ತಂದ ದಿನ ಭಾವನ ಹಳೆಯ ಮೇಲ್ ಐಡಿ ಹಾಕಿದ್ದರು ಅಂತ ನೆನಪಾಗಿ ಕೀ ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ. ಆವತ್ತಿನಿಂದ ನಾನು ಮೊದಲು ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ, ಆಮೇಲೇ ಬಯೋಸ್‌ಗೆ ಕೈ ಹಾಕುತ್ತೇನೆ. ಕೀ ಎಲ್ಲೂ ಸಿಗದಿದ್ದರೆ ಆ ಡಿಸ್ಕಿನಲ್ಲಿರುವುದನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು. ತೆಗೆದುಕೊಡುತ್ತೇವೆ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಪ್ರೊಸೆಸರ್ ಕೆಂಪಿದ್ದರೆ ಹೆಸರು ಓದಿ. ಇಂಟೆಲ್‌ನಲ್ಲಿ ಐ5-7200ಯು ಅಂದರೆ 7ನೇ ತಲೆಮಾರು, ಐ5-8250ಯು ಅಂದರೆ 8ನೆಯದು. ಕೆಲವನ್ನು ಬಿಟ್ಟರೆ ಇಂಟೆಲ್ 8ನೇ ತಲೆಮಾರಿನಿಂದ, ಎಎಂಡಿ ರೈಜೆನ್ 2000 ಸರಣಿಯಿಂದ ಮೇಲಕ್ಕೆ ಪಟ್ಟಿಯಲ್ಲಿವೆ. ಹಳೆಯ ಪ್ರೊಸೆಸರಿಗೆ ತಪಾಸಣೆ ತಪ್ಪಿಸಿ ಇನ್‌ಸ್ಟಾಲ್ ಮಾಡುವ ಉಪಾಯಗಳು ಓಡಾಡುತ್ತಿವೆ. ಹಾಗೆ ಹಾಕಿದ ಮಷೀನಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿಯಿಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲಂತೂ ಕೋರ್ 2 ಡುಯೋ ಕಾಲದ ಮಷೀನುಗಳು ಬೂಟೇ ಆಗುವುದಿಲ್ಲ. ವ್ಯವಹಾರದ ಮಷೀನಿಗೆ ನಾನು ಅದನ್ನು ಮಾಡಿಕೊಡುವುದಿಲ್ಲ.

ಎಲ್ಲ ಸರಿ ಮಾಡಿದೆ, ಮರುದಿನ ಮತ್ತೆ “ಆಗಲ್ಲ” ಅಂತಿದೆ

ಗಡಿಯಾರ ನೋಡಿ. ದಿನಾಂಕ ಹಿಂದಕ್ಕೆ ಹೋಗಿದ್ದರೆ, ಬ್ರೌಸರ್ ತೆರೆದರೆ ಎಲ್ಲ ಸೈಟೂ ಸುರಕ್ಷಿತವಲ್ಲ ಅಂತ ಬರುತ್ತಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿದೆ. ಕರೆಂಟ್ ಹೋದಾಗಲೆಲ್ಲ ಬಯೋಸ್ ಹಳೆಯ ಸ್ಥಿತಿಗೆ ಮರಳುತ್ತದೆ, ನೀವು ಆನ್ ಮಾಡಿದ ಟಿಪಿಎಂ ಆಫ್ ಆಗುತ್ತದೆ. ಡೆಸ್ಕ್‌ಟಾಪಿಗೆ ಸಾಮಾನ್ಯವಾಗಿ ಬೇಕಾದದ್ದು ಸಿಆರ್2032, 3 ವೋಲ್ಟಿನದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತೆ. ಪ್ಲಗ್ಗನ್ನು ಗೋಡೆಯಿಂದಲೇ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಕ್ಯಾಬಿನೆಟ್ ತೆರೆಯಿರಿ. ಮಷೀನಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದರೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತೆ. ತೆಗೆದ ಹಳೆಯ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಬೂಟ್ ಆಗುತ್ತಿಲ್ಲ, ಅಥವಾ ಇನ್‌ಸ್ಟಾಲ್ ಪರದೆಯಲ್ಲಿ ಡಿಸ್ಕೇ ಒಪ್ಪುತ್ತಿಲ್ಲ

ಬಯೋಸ್‌ನಲ್ಲಿ ಲೆಗಸಿಯಿಂದ (ಹಳೆಯ ಬಗೆಯ ಬೂಟ್) ಯುಇಎಫ್‌ಐಗೆ ಬದಲಾಯಿಸಿದ ತಕ್ಷಣ ಬೂಟ್ ಡಿವೈಸ್ ಇಲ್ಲ ಅಂತ ಬಂದರೆ ಡಿಸ್ಕ್ ಸತ್ತಿಲ್ಲ. ವಾಪಸ್ ಲೆಗಸಿ ಮಾಡಿ, ಮೊದಲಿನ ಹಾಗೇ ಬರುತ್ತೆ. ಡಿಸ್ಕಿನ ಯಾವ ಭಾಗ ಎಲ್ಲಿದೆ ಅಂತ ಪಟ್ಟಿ ಬರೆದಿಡಲು ಎರಡು ಪದ್ಧತಿ ಇವೆ: ನಿಮ್ಮ ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿದೆ, ಯುಇಎಫ್‌ಐಗೆ ಹೊಸ ಜಿಪಿಟಿ ಬೇಕು. ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಅನ್ನೋ ಸಾಧನ ಇದೆ, ಡೇಟಾ ಹೋಗದಂತೆ ಬದಲಾಯಿಸುತ್ತೆ. ಮೊದಲು ವ್ಯಾಲಿಡೇಟ್ ಮಾಡಿ, ಅದು ಪಾಸಾದರೆ ಮಾತ್ರ ಕನ್ವರ್ಟ್. ಮೇಲೆ ಹೇಳಿದ ಎಕ್ಸ್‌ಟೆಂಡೆಡ್ ಭಾಗ ಡಿಸ್ಕಿನಲ್ಲಿದ್ದರೆ ಅದು ಒಪ್ಪುವುದಿಲ್ಲ. ಇಲ್ಲಿಗೆ ಬರುವ ಹೊತ್ತಿಗೆ ಹೊರಗಿನ ಕಾಪಿ ಇರಲೇಬೇಕು, ಕರೆಂಟಿಗೆ ಯುಪಿಎಸ್ ಇರಲೇಬೇಕು. ಪಟ್ಟಿ ಬರೆಯುವಾಗ ಕರೆಂಟ್ ಹೋದರೆ ಡಿಸ್ಕಿನ ನಕ್ಷೆಯೇ ಹೋಗಬಹುದು.

ಹೊಸ ಲ್ಯಾಪ್‌ಟಾಪ್, ಇಂಟೆಲ್ 11ನೇ ತಲೆಮಾರು ಅಥವಾ ಆಮೇಲಿನದು, ಇನ್‌ಸ್ಟಾಲ್ ಮಾಡಲು ಹೋದರೆ ಡಿಸ್ಕಿನ ಪಟ್ಟಿ ಖಾಲಿ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಕೆಟ್ಟಿದೆ ಅಂತ ಬದಲಾಯಿಸಿಬಿಡಬೇಡಿ. ಡಿಸ್ಕನ್ನು ನೋಡಿಕೊಳ್ಳುವ ವಿಎಂಡಿ ಅನ್ನೋ ಇಂಟೆಲ್ ವ್ಯವಸ್ಥೆಯ ಡ್ರೈವರ್ ಇನ್‌ಸ್ಟಾಲರಿನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಆ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಲೋಡ್ ಡ್ರೈವರ್ ಒತ್ತಿದರೆ ಡಿಸ್ಕು ಕಾಣುತ್ತೆ.

ಅಪ್‌ಗ್ರೇಡ್ ಮುಕ್ಕಾಲು ಭಾಗ ಆಗಿ ಹಳೆಯದಕ್ಕೇ ವಾಪಸ್ ಬರುತ್ತದೆ

ಕೋಡು ಸಿ1900101 ಅಂತ ಶುರುವಾದರೆ ಸಾಮಾನ್ಯವಾಗಿ ಡ್ರೈವರ್ ಗಲಾಟೆ. ಪ್ರಿಂಟರ್, ಬೆರಳಚ್ಚು ಯಂತ್ರ, ಡಾಂಗಲ್ ಎಲ್ಲ ಕಳಚಿ, ಕೀಬೋರ್ಡ್ ಮೌಸ್ ಮಾತ್ರ ಬಿಡಿ. ಹೊರಗಿನ ಆಂಟಿವೈರಸ್ ತೆಗೆಯಿರಿ. ಆಮೇಲೆ ಇನ್ನೊಮ್ಮೆ ನಡೆಸಿ. ಮತ್ತೆ ಅಲ್ಲೇ ನಿಂತರೆ ಡಿಸ್ಕಿನ ಆರೋಗ್ಯ ನೋಡುವ ಸಮಯ ಬಂದಿದೆ. ಅದಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶ ಇದೆ. ಗುಡ್ ಅಂತ ನೀಲಿ ಬಂದರೆ ಮುಂದುವರಿಯಿರಿ. ಹಳದಿ ಕಾಷನ್ ಬಂದರೆ, ಅದರಲ್ಲೂ ಕರೆಂಟ್ ಪೆಂಡಿಂಗ್ ಸೆಕ್ಟರ್ ಅನ್ನೋ ಸಿ5 ಸಾಲು (ಡಿಸ್ಕಿನಲ್ಲಿ ಓದಲು ತೊಡಕಾದ ಜಾಗಗಳ ಲೆಕ್ಕ) ಬೆಳೆಯುತ್ತಿದ್ದರೆ, ಆ ಡಿಸ್ಕಿನ ಮೇಲೆ ಹೊಸ ವಿಂಡೋಸ್ ಹಾಕಬೇಡಿ.

ಟಕ್, ಟಕ್, ಟಕ್

ಹಾರ್ಡ್ ಡಿಸ್ಕಿಗೆ ಕಿವಿ ಕೊಡಿ. ಸಣ್ಣ ಗುಂಯ್ ಸದ್ದು ಸಹಜ. ಒಂದೇ ಲಯದಲ್ಲಿ ಟಕ್ ಟಕ್ ಅಂತ ಬಡಿದು, ಒಂದು ಕ್ಷಣ ನಿಂತು, ಮತ್ತೆ ಬಡಿಯುತ್ತಿದ್ದರೆ ಒಳಗೆ ಓದುವ ತಲೆ ತನ್ನ ಜಾಗ ಹುಡುಕಲಾಗದೆ ಒದ್ದಾಡುತ್ತಿದೆ. ಆಗಲೇ ಆಫ್ ಮಾಡಿ. ವಿಂಡೋಸಿನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಬೇಡ, ಇನ್ನೊಂದು ಸಲ ಆನ್ ಮಾಡಿ ನೋಡೋದೂ ಬೇಡ, ಫ್ರಿಜ್‌ನಲ್ಲಿಡುವ ಹಳೆಯ ಸಲಹೆಯಂತೂ ಬೇಡವೇ ಬೇಡ. ಒಳಗಿನ ಫೈಲು ಬೇಕೇ ಬೇಕು ಅಂದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹಾಗೇ ಒಯ್ಯಿರಿ. ಫೈಲು ಮುಖ್ಯವಲ್ಲದಿದ್ದರೆ ಹೊಸ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಮಷೀನಿಗೆ ದುಡ್ಡು ಹಾಕುವುದಾದರೆ ಮೊದಲು ಹಾಕಬೇಕಾದ ಜಾಗ ಇದೇ.

ಎಲ್ಲ ಆಯಿತು, ಆದರೆ ಕನ್ನಡ ಕೆಟ್ಟಿದೆ

ಅಕ್ಷರದ ಬದಲು ಚೌಕ ಚೌಕ ಬಂದರೆ ಯೂನಿಕೋಡ್ ಫಾಂಟ್ ಇಲ್ಲ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ತುಂಗಾ ಫಾಂಟ್ ತಾನಾಗಿ ಇಲ್ಲದಿರಬಹುದು. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಚೌಕದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಮತ್ತೆ ಹಾಕಿದರೆ ಸರಿಹೋಗುತ್ತೆ. ವಿಂಡೋಸನ್ನು ಪೂರ್ತಿ ಹೊಸದಾಗಿ ಹಾಕುವವರು ಹಳೆಯ ಫಾಂಟುಗಳನ್ನೂ ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ.

ಬೇರೆ ಏನೇ ಸರಿಬರದಿದ್ದರೂ ಅಪ್‌ಗ್ರೇಡ್ ಆದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ಹಳೆಯದಕ್ಕೆ ಹೋಗಬಹುದು. ಅಲ್ಲಿಯವರೆಗೆ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನು ಜಾಗಕ್ಕೋಸ್ಕರ ಅಳಿಸಬೇಡಿ.

ಏನು ಮಾಡಿದರೂ ಆಗದ ಮಷೀನು

ಪ್ರೊಸೆಸರೇ ಹಳೆಯದಾದರೆ ಎರಡು ದಾರಿ. ವಿಂಡೋಸ್ 10ರ 22ಎಚ್2 ಆವೃತ್ತಿ ಇರುವ ಮನೆ ಮಷೀನುಗಳನ್ನು ಮೈಕ್ರೋಸಾಫ್ಟಿನ ಹೆಚ್ಚುವರಿ ಸುರಕ್ಷತಾ ಯೋಜನೆಗೆ (ಇಎಸ್‌ಯು) ಸೇರಿಸಿದರೆ 2026ರ ಅಕ್ಟೋಬರ್ 13ರವರೆಗೆ ಪ್ಯಾಚ್ ಸಿಗುತ್ತದೆ. ಇನ್ನೊಂದು ಲಿನಕ್ಸ್, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಡಿಸ್ಕ್ ಸಾಕು, 4 ಜಿಬಿ ಇದ್ದರೆ ಆರಾಮ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟುವುದಿಲ್ಲ. ಹಾಗೆ ಓಡಿಸಿದಾಗ ನಿಮ್ಮ ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆಯಿರಿ, ಸ್ಕ್ಯಾನರ್ ನೋಡಿ, ಬೆರಳಚ್ಚು ಯಂತ್ರ ಇದ್ದರೆ ಅದನ್ನೂ ಹಾಕಿ ನೋಡಿ. ಅದು ನಡೆಯದಿದ್ದರೆ ಅಂಗಡಿ ಕೆಲಸಕ್ಕೆ ಲಿನಕ್ಸ್ ಬೇಡ. ಟೈಪಿಂಗಿಗೆ ಚಿಂತೆಯಿಲ್ಲ, ಲಿನಕ್ಸಿನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ (ನುಡಿಯ ಅಕ್ಷರ ಜೋಡಣೆಯದ್ದೇ) ಸೇರಿಸಿಕೊಂಡರೆ ನುಡಿಯಲ್ಲಿ ಓಡುತ್ತಿದ್ದ ಬೆರಳು ಅಲ್ಲೂ ಹಾಗೇ ಓಡುತ್ತೆ.